ಐನೂರು ಜಿಬಿಯ ಧಣಿ

ಈ ಕಂಪ್ಯೂಟರನ್ನು ಇವತ್ತು ಸರಿಮಾಡದಿದ್ದರೆ ನನ್ನ ಹೆಸರು ಜಪಾರ್ ಅಲ್ಲ! ಆಯುಷ್ಯವೆಲ್ಲ ನಾರಿನ್ ಘಾಟಿಯಲ್ಲಿ ಲಾರಿ ಓಡಿಸಿ, ಹಿಮದಲ್ಲಿ ಮಲಗಿ ಎಂಜಿನ್ ಬಿಚ್ಚಿ ಜೋಡಿಸಿದವನಿಗೆ ತಟ್ಟೆಯಗಲದ ಈ ಲ್ಯಾಪ್‌ಟಾಪು ಯಾವ ಲೆಕ್ಕ? ಹೀಗೆಂದು ಮೀಸೆ ತಿರುವಿಕೊಂಡು ಕೂತೆ. ಆಮೇಲೆ ನಡೆದದ್ದು ನನ್ನ ಶತ್ರುವಿಗೂ ಬೇಡ.

ಸಂಜೆಗೆ ಬೀಗರು ಬರುವವರಿದ್ದರು, ಮಗಳು ಮೀರಿಮ್‌ಳ ಮದುವೆಯ ವಿಡಿಯೋ ನೋಡಲು. ನಮ್ಮ ಮದುವೆಗಳಲ್ಲಿ ಊಟಕ್ಕಿಂತ ಮೈಕು ದೊಡ್ಡದು. ಬಂದ ನೆಂಟರೆಲ್ಲ ಸರದಿಯಲ್ಲಿ ಮೈಕು ಹಿಡಿದು ಹರಸಲೇಬೇಕು. ಒಬ್ಬರನ್ನು ಬಿಟ್ಟರೂ ಅವರ ಮೊಮ್ಮಕ್ಕಳವರೆಗೆ ಮಾತು ಬಂದ್! ಬೀಗ ಎಸೆನ್ ಅವರ ಭಾಷಣ ಮುಗಿಯುವಷ್ಟರಲ್ಲಿ ಮಾಂಸದ ಸಾರು ಆರಿ, ಬಿಸಿಯಾಗಿ, ಮತ್ತೆ ಆರಿತ್ತು. ಅದೇ ವಿಡಿಯೋದಲ್ಲಿ ನನ್ನ ಅತ್ತೆಯ ಆಶೀರ್ವಾದವೂ ಇತ್ತು. ಅತ್ತೆ ಈ ಚಳಿಗಾಲದಲ್ಲಿ ತೀರಿಕೊಂಡರು. ಅವರ ದನಿ ಉಳಿದಿದ್ದದ್ದು ಅಲ್ಲಿ ಮಾತ್ರ.

ಆದರೆ ವಿಡಿಯೋ ಹಾಕಿದರೆ ಅತ್ತೆ ಕೈಯೆತ್ತಿದವರು ಎತ್ತಿದಂತೆಯೇ ನಿಂತುಬಿಡುತ್ತಿದ್ದರು. ಚಕ್ರ ಮಾತ್ರ ತಿರುಗುತ್ತಿತ್ತು.

"ರೀ, ರಿಪೇರಿ ಅಂಗಡಿಯವನು ಹೋದ ವರ್ಷವೇ ಹೇಳಿಲ್ವಾ? ನಾಲ್ಕು ಜಿಬಿ ಮೆಮೊರಿ ಸಾಲಲ್ಲ, ಇನ್ನೊಂದು ನಾಲ್ಕು ಹಾಕಿಸಿ ಅಂತ," ಎಂದು ಹೆಂಡತಿ ಬುರುಲ್, ಬೂರ್ಸೋಕ್ ಹಿಟ್ಟಿನುಂಡೆ ಕರಿಯುತ್ತಲೇ ಕೂಗಿದಳು.

"ಲೇ, ಇದರೊಳಗೆ ಐನೂರು ಜಿಬಿ ಇದೆ ಕಣೇ! ಐನೂರರ ಧಣಿ ಹೋಗಿ ನಾಲ್ಕಕ್ಕೆ ಕೈಯೊಡ್ಡಬೇಕಾ? ತಿಂದು ತಿಂದು ಹೊಟ್ಟೆ ಕಟ್ಟಿದೆ, ಅಷ್ಟೇ. ಕಸ ತೆಗೆದರೆ ಕುದುರೆ ಹಾಗೆ ಓಡುತ್ತೆ!"

"ಏನಾದ್ರೂ ಮಾಡ್ಕೊಳ್ಳಿ. ಅಮ್ಮನ ವಿಡಿಯೋ ಮಾತ್ರ ಮುಟ್ಟಬೇಡಿ."

"ನಾನೇನು ಮೂರ್ಖನಾ?"

ಅವಳು ಇನ್ನೊಂದು ಉಂಡೆಯನ್ನು ಎಣ್ಣೆಗೆ ಬಿಟ್ಟಳು.

ಪರದೆಯ ಮೂಲೆಯಲ್ಲಿ 'ಮದುವೆ' ಎಂಬ ಪುಟ್ಟ ಚಿತ್ರ ಭದ್ರವಾಗಿತ್ತು. ಅದನ್ನು ನಾನು ಮುಟ್ಟಲಿಲ್ಲ, ಆಣೆಗೂ ಮುಟ್ಟಲಿಲ್ಲ! ಒಳಹೊಕ್ಕು ನೋಡಿದರೆ ಹೆಸರಿಲ್ಲದೆ ಬರೀ ಅಂಕೆ ಹೊತ್ತ ಫೈಲೊಂದು ಕೊಬ್ಬಿದ ಟಗರಿನ ಹಾಗೆ ಬಿದ್ದುಕೊಂಡಿತ್ತು. ಅರ್ಧ ಜಾಗ ಅದರದೇ! ಒಂದೇ ಏಟಿಗೆ ಉರುಳಿಸಿದೆ. ಕಸದ ಬುಟ್ಟಿಯನ್ನೂ ಖಾಲಿ ಮಾಡಿ ಕೈ ಕೊಡವಿಕೊಂಡೆ.

ಬೀಗರು ಬಂದರು, ಜೊತೆಗೆ ಮೀರಿಮ್ ಕೂಡ. ಎಸೆನ್ ಟೋಪಿ ಸರಿಮಾಡಿಕೊಂಡು, ತಮ್ಮನ್ನು ತಾವೇ ನೋಡಲು ಎದುರಿಗೇ ಕೂತರು. ನಾನು ಗತ್ತಿನಿಂದ 'ಮದುವೆ'ಯನ್ನು ಒತ್ತಿದೆ. ಚಕ್ರ ತಿರುಗಿತು, ಮೊದಲಿನಷ್ಟೇ ನಿಧಾನವಾಗಿ. ಆಮೇಲೆ 'ಫೈಲು ಸಿಗುತ್ತಿಲ್ಲ' ಎಂದು ಮೂಡಿತು.

ಬುರುಲ್ ಪರದೆ ನೋಡಿದಳು, ನನ್ನನ್ನು ನೋಡಿದಳು. "ಆ ಚಿತ್ರ ಬರೀ ಬಾಗಿಲು ಕಣ್ರೀ. ವಿಡಿಯೋ ಒಳಗಿತ್ತು. ಏನು ಅಳಿಸಿದ್ರಿ?"

"ಜಾಗ... ಜಾಗ ಮಾಡಿದೆ."

ಅವಳು ಗೋಡೆಗೆ ಒಟ್ಟಿದ್ದ ಕೌದಿಗಳ ಕಡೆ ಕೈ ತೋರಿಸಿದಳು. ಎಲ್ಲವೂ ಅತ್ತೆ ಹೊಲಿದು ಕೊಟ್ಟವು. "ನಿಮ್ಮ ಐನೂರು ಅಂದ್ರೆ ಅದು, ಎತ್ತಿಡೋ ಜಾಗ. ನಾಲ್ಕು ಅಂದ್ರೆ ಈ ದಸ್ತರ್‌ಖಾನ್, ಹರಡಿ ಬಡಿಸೋ ಜಾಗ. ಬಡಿಸೋಕೆ ಜಾಗ ಸಾಲದಿದ್ರೆ ಇನ್ನೊಂದು ಬಟ್ಟೆ ಹಾಸ್ಬೇಕು. ನೀವು ಅಮ್ಮನ ಕೌದಿ ತಗೊಂಡು ಹೊಳೆಗೆ ಎಸೆದ್ರಿ!" ಕೊನೆಗೆ ಅವಳ ದನಿ ಒಡೆಯಿತು.

"ವಿಡಿಯೋದವನ ಹತ್ತಿರ ಇನ್ನೊಂದು ಪ್ರತಿ..."

"ಅವನು ಆಗಲೇ ಅಳಿಸಿ ಆಯ್ತು. ಜೋಪಾನ ಅಂತ ನಿಮ್ಮ ಕೈಗೆ ಕೊಟ್ಟಿದ್ದ."

ಘಾಟಿಯಲ್ಲಿ ಬ್ರೇಕು ಹೋದಾಗಲೂ ನಾನು ಹಾಗೆ ಹೆದರಿರಲಿಲ್ಲ. ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು.

"ಅಳಬೇಡಿ ಬೀಗಿತ್ತಿಯವರೇ," ಎಸೆನ್ ಎದ್ದು ನಿಂತರು. "ನನ್ನ ಭಾಷಣ ನನಗೆ ಬಾಯಿಪಾಠ!"

ಪೂರ್ತಿ ಹೇಳಿದರು. ತಡೆಯುವ ಮುಖ ನನಗೆಲ್ಲಿತ್ತು? ಸಾರು ಮತ್ತೆ ಆರಿತು. ಕೂರುವಾಗ ಬುರುಲ್‌ಗೆ ಮೆಲ್ಲಗೆ ಅಂದರು: "ನಿಮ್ಮ ಅಮ್ಮ ಹೇಳಿದ್ರಲ್ಲಿ ಕೊನೇ ಮಾತು ನನಗಿನ್ನೂ ನೆನಪಿದೆ."

"ನಂಗೂ," ಎಂದಳು ಮೀರಿಮ್, ನನ್ನ ಕಡೆ ನೋಡದೆ.

ಬುರುಲ್ ಕಣ್ಣೊರೆಸಿಕೊಂಡಳು. ಅಂಗೈ ಮೇಲೆತ್ತಿ, ಥೇಟ್ ತಾಯಿಯ ದನಿಯಲ್ಲೇ ಹೇಳಿದಳು: "ದೇವರೇ, ಹುಡುಗಿಗೆ ಮಕ್ಕಳನ್ನ ಕೊಡು, ಹುಡುಗನಿಗೆ ಆಯಸ್ಸು ಕೊಡು. ನನ್ನ ಅಳಿಯನಿಗೆ ಇನ್ನಾದ್ರೂ ಸ್ವಲ್ಪ ಬುದ್ಧಿ ಕೊಡು!"

"ಓಮಿನ್!" ಎಂದು ಎಲ್ಲರೂ ಅಂಗೈಯಿಂದ ಮುಖ ಸವರಿಕೊಂಡರು. ಎಲ್ಲರಿಗಿಂತ ಜೋರಾಗಿ ಹೇಳಿದವನು ನಾನೇ.