ಅಂಕಿಗೆ ತೊಡಿಸಿದ ಅಂಗಿ

ಆಗಬಹುದಾಗಿದ್ದ ಅನಾಹುತಗಳನ್ನು ಮೊದಲೇ ಹೇಳಿಬಿಡುತ್ತೇನೆ. ನಮ್ಮ ಡಿಪೋದ ಲೆಕ್ಕದ ಹಲಗೆಗೆ ನಾನು ತೂಗುಹಾಕಿದ ತಗಡುಗಳ ಬಣ್ಣ ಮೊದಲ ಮಳೆಗೇ ಕರಗಿ, ಲಾರಿ ಬರುವ ಹೊತ್ತು ಕೆಳಗೆ ಹರಿದು ಪಂಪುಗಳ ಲೆಕ್ಕದ ಮೇಲೆ ಕೂರಬಹುದಿತ್ತು. ಮೊಳೆ ಸಡಿಲಾಗಿ ತಗಡು ಯಾರದಾದರೂ ಕಾಲ್ಬೆರಳ ಮೇಲೆ ಬೀಳಬಹುದಿತ್ತು. ಆ ಬೆರಳು ನಮ್ಮ ಸೊಸೈಟಿಯ ಅಧ್ಯಕ್ಷರದ್ದೇ ಆಗಿರಬಹುದಿತ್ತು. ಹಸುವೊಂದು ಬಂದು ಬಣ್ಣ ನೆಕ್ಕಿ, ಅದರ ಯಜಮಾನ ನನ್ನನ್ನು ಹುಡುಕಿಕೊಂಡು ಬರಬಹುದಿತ್ತು. ಬಿಸಿಲಿಗೆ ತಗಡು ಫಳ್ಳನೆ ಮಿಂಚಿ ಬಸ್ಸಿನ ಡ್ರೈವರನ ಕಣ್ಣು ಕುಕ್ಕಿ, ಬಸ್ಸು ಪ್ರಯಾಣಿಕರ ಸಮೇತ ಪಯಸ್ವಿನಿ ಹೊಳೆಗೆ ಇಳಿಯಬಹುದಿತ್ತು. ಇದೆಲ್ಲವನ್ನೂ ನಾನು ಒಂದೊಂದಾಗಿ ಚಿಂತಿಸಿ ಮುಗಿಸಿದ್ದೆ. ಉಳಿದ ಕೆಲಸಗಳಲ್ಲಿ ಹೇಗೋ ಏನೋ, ಚಿಂತೆಯ ವಿಷಯದಲ್ಲಿ ನಾನು ಸೋಮಾರಿಯಲ್ಲ.

ಮದುವೆಯ ಮಾತು ಬಂದಾಗಲೂ ಹೀಗೆಯೇ ಆಗಿತ್ತು. ಪುತ್ತೂರಿನ ಕಡೆಯ ಹುಡುಗಿ. ನನ್ನ ಗೊರಕೆ ಅವಳಿಗೆ ಆಗದಿದ್ದರೆ? ಅವಳ ಸಾರು ನನಗೆ ಆಗದಿದ್ದರೆ? ಎರಡೂ ಆಗಿ, ಸೊಸೈಟಿಯವರು ನನ್ನನ್ನು ಬೇರೆ ಊರಿಗೆ ವರ್ಗ ಮಾಡಿದರೆ? ಹೀಗೆ ಯೋಚಿಸುತ್ತಿರುವಷ್ಟರಲ್ಲಿ ಅವಳಿಗೆ ಐವರ್ನಾಡಿನಲ್ಲಿ ಮದುವೆಯಾಗಿ, ಮಗುವಿನ ನಾಮಕರಣಕ್ಕೆ ನನಗೂ ಕರೆ ಬಂತು. ಹೋಗಿ ಉಂಡು ಬಂದೆ. ಪಾಯಸ ಚೆನ್ನಾಗಿತ್ತು ಎಂಬುದು ಬೇರೆಯೇ ದುಃಖ. ಅಂದಿನಿಂದ ಸುಳ್ಯದ ಈ ಡಿಪೋದ ಹಿಂದಿನ ಕೋಣೆಯಲ್ಲಿ ನಾನು, ನನ್ನ ಸ್ಟವ್, ಎರಡು ಲೋಟ. ಎರಡನೆಯದು ಯಾರಾದರೂ ಬಂದರೆ ಇರಲಿ ಎಂದು ಕೊಂಡದ್ದು.

ಬರುತ್ತಿದ್ದರು ಕೂಡ. ನಮ್ಮದು ಸಹಕಾರಿ ಸೊಸೈಟಿಯ, ಅಡಕೆ ತೋಟಗಳಿಗೆ ಔಷಧಿ ಬಿಡುವ ಸಾಮಾನಿನ ಡಿಪೋ. ಕೊಳೆರೋಗಕ್ಕೆ ಬೇಕಾದ ಮೈಲುತುತ್ತು, ಸಿಂಪಡಿಸುವ ಪಂಪು, ಅದಕ್ಕೆ ರಬ್ಬರ್ ಪೈಪು. ಹೊರಗಿನ ಜಗಲಿಯಲ್ಲಿ ಒಂದು ಕಪ್ಪು ಹಲಗೆ. ದಿನಾ ಬೆಳಿಗ್ಗೆ ಅದರ ಮೇಲೆ ನಾಲ್ಕು ಅಂಕಿ ಬರೆಯುವುದು ನನ್ನ ಕೆಲಸ. ಮೇಲಿನಿಂದ ಕೆಳಗೆ ೮೦, ೪೦, ೯, ೩. ಅಷ್ಟೇ. ಮೈಲುತುತ್ತು ಎಷ್ಟುಂಟು, ಪೈಪು ಎಷ್ಟುದ್ದ ಉಂಟು, ಮಂಗಳೂರಿನ ಲಾರಿ ಎಷ್ಟು ಹೊತ್ತಿಗೆ, ಎರವಲು ಕೊಡಲು ಪಂಪು ಎಷ್ಟು. ಯಾವುದು ಯಾವುದು ಎಂದು ಬರೆಯುವ ಪದ್ಧತಿ ನನಗಿಂತ ಹಿಂದಿನ ರೈಟರ, ಎಂದರೆ ಗುಮಾಸ್ತರ, ಕಾಲದಲ್ಲೂ ಇರಲಿಲ್ಲ, ನಾನೂ ಶುರು ಮಾಡಲಿಲ್ಲ. ಸಾಲದ್ದಕ್ಕೆ ಸೇರು ಹೋಗಿ ಕಿಲೋ ಬಂದಿತ್ತು, ಗಜ ಹೋಗಿ ಮೀಟರು ಬಂದಿತ್ತು. ಆದ್ದರಿಂದ ಹಲಗೆಯ ಎದುರು ನಿಂತವರೆಲ್ಲ ಎರಡು ಮೆಟ್ಟಿಲು ಹತ್ತಿ ಒಳಗೆ ಇಣುಕಿ ನನ್ನನ್ನು ಕೇಳಲೇಬೇಕು. ದಿನದಲ್ಲಿ ನನ್ನೊಡನೆ ಮಾತಾಡುವ ಮನುಷ್ಯರೆಂದರೆ ಹೀಗೆ ಕೇಳಲು ಬಂದವರು ಮಾತ್ರ.

ಅಜ್ಜಾವರದ ಚೆನ್ನಪ್ಪ ಗೌಡರು ಪೇಟೆಗೆ ಬಂದಾಗಲೆಲ್ಲ ಕೊಡೆಯನ್ನು ಬಾಗಿಲಿಗೆ ಒರಗಿಸಿ, "ಎಂತ ರೈಟ್ರೆ, ಈ ಮೂರು ಎಂತದ್ದು?" ಎನ್ನುತ್ತಿದ್ದರು.

"ಪಂಪು ಗೌಡ್ರೆ."

"ನಾನು ಲಾರಿ ಮೂರು ಗಂಟೆಗೆ ಅಂತ ಮಾಡಿದೆ. ಹಾಗಾದರೆ ಒಂಬತ್ತು ಪಂಪು ಅಲ್ವ?"

"ಒಂಬತ್ತು ಗಂಟೆಗೆ ಲಾರಿ."

"ಒಂಬತ್ತು ಆಗಿ ಹೋಯಿತಲ್ಲ ಮಾರಾಯ್ರೆ. ಇನ್ನು ಓಡಿ ಎಂತ ಮಾಡುದು, ಒಂದು ಚಾ ಮಾಡಿ."

ಎರಡನೆಯ ಲೋಟ ಹೊರಗೆ ಬರುತ್ತಿತ್ತು. ಗೌಡರು ತಮ್ಮ ಮಂಡಿನೋವು, ಅಳಿಯನ ಜಂಬ, ನೆರೆಯವನ ನಾಯಿ ಎಲ್ಲವನ್ನೂ ಹೇಳಿ ಮುಗಿಸುವ ಹೊತ್ತಿಗೆ ನನ್ನ ಅರ್ಧ ಬೆಳಗು ಯಾವ ಚಿಂತೆಯೂ ಇಲ್ಲದೆ ಕಳೆದಿರುತ್ತಿತ್ತು. ನನ್ನ ಮಟ್ಟಿಗೆ ಅದು ಸಣ್ಣ ಸಂಗತಿಯಲ್ಲ.

ಹೀಗಿರುವಾಗ ಪುತ್ತೂರಿನಿಂದ ಸೊಸೈಟಿಯ ಇನ್‌ಸ್ಪೆಕ್ಟರು ಬಂದರು. ಹಲಗೆಯನ್ನು ತುಂಬ ಹೊತ್ತು ನೋಡಿದರು. "ಇದೇನು, ಲಾಟರಿಯ ನಂಬರೋ?" ಎಂದರು. ನಾನು ವಿವರಿಸಿದೆ. "ನೋಡಿದವನಿಗೆ ಕೇಳದೆಯೇ ಗೊತ್ತಾಗಬೇಕು. ಮುಂದಿನ ಸಲ ಬರುವಾಗ ಸರಿಯಾಗಿರಲಿ" ಎಂದು ಹೋದರು. ಅಂದು ನನಗೆ ಊಟ ಸೇರಲಿಲ್ಲ. ಆದರೆ ಅದರ ಬೆನ್ನಿಗೇ ಒಂದು ಯೋಚನೆ ಹೊಳೆಯಿತು, ಮತ್ತು ನನ್ನ ಜೀವನದಲ್ಲಿ ಮೊದಲ ಬಾರಿಗೆ ಅದು ಚಿಂತೆಯಾಗಿರಲಿಲ್ಲ.

ಮನುಷ್ಯ ಎಲ್ಲೆಲ್ಲೂ ಒಂದೇ. ಖಾಕಿ ತೊಟ್ಟರೆ ಪೊಲೀಸು, ಕಪ್ಪು ಕೋಟು ತೊಟ್ಟರೆ ವಕೀಲ. ಅಂಕಿಯೂ ಹಾಗೆಯೇ. ಒಂಬತ್ತು ಎಂಬುದು ಬರಿಮೈಯಲ್ಲಿ ನಿಂತರೆ ಅದು ಹೊತ್ತೋ ತೂಕವೋ ಯಾರು ಹೇಳಬೇಕು? ಹಾಗಾದರೆ ಅಂಕಿಯನ್ನು ಮುಟ್ಟುವುದೇ ಬೇಡ. ಪ್ರತಿ ಬಗೆಗೂ ಒಂದೊಂದು ಅಂಗಿ ಹೊಲಿದಿಟ್ಟರಾಯಿತು. ಸೀಮೆಎಣ್ಣೆಯ ಡಬ್ಬ ಬಿಡಿಸಿ ನಾಲ್ಕು ತಗಡು ಮಾಡಿದೆ. ಪ್ರತಿಯೊಂದರಲ್ಲೂ ಅಂಕಿ ಕಾಣುವಷ್ಟು ಕಿಟಕಿ. ತೂಕದ ತಗಡು ಹಸಿರು. ಕಿಟಕಿಯ ಎಡಕ್ಕೆ "ಮೈಲುತುತ್ತು", ಬಲಕ್ಕೆ "ಕಿಲೋ", ಹಳಬರಿಗಾಗಿ ಕೆಳಗೊಂದು ಚಿಕ್ಕ ಕಿಟಕಿಯಲ್ಲಿ ಸೇರು. ಉದ್ದದ ತಗಡಿಗೂ ಹಾಗೆಯೇ ಮೀಟರು, ಗಜ. ಹೊತ್ತಿನ ತಗಡು ಗಡಿಯಾರದಂತೆ ದುಂಡಗೆ. "ಲಾರಿ ಬೆಳಿಗ್ಗೆ", ಕಿಟಕಿ, "ಗಂಟೆಗೆ". ಪಂಪಿನ ತಗಡಿನಲ್ಲಿ ನನ್ನ ಬುದ್ಧಿ ಮಿತಿಮೀರಿತು. ಪಂಪು ಒಂದೂ ಇಲ್ಲದ ದಿನ ಸೊನ್ನೆ ಕಾಣಿಸಿದರೆ ಜನ ಅದನ್ನು ಹತ್ತರ ಬಾಲ ಎಂದುಕೊಂಡಾರು ಎಂಬ ಭಯದಿಂದ, ಕಿಟಕಿಗೆ "ಇಲ್ಲ" ಎಂದು ಬರೆದ ಮುಚ್ಚಳ ಇಟ್ಟೆ. ಇನ್ನು ನಾನು ಬರೆಯುವುದು ಬರೀ ಅಂಕಿ. ಅದು ಹೇಗೆ ಕಾಣಬೇಕೆಂಬ ಜವಾಬ್ದಾರಿ ತಗಡಿನದು.

ಗೋಣಿಚೀಲದ ವ್ಯಾಪಾರದ ಅದ್ರಾಮ ನಾನು ಬಣ್ಣ ಬಳಿಯುವುದನ್ನು ನೋಡುತ್ತ ನಿಂತಿದ್ದ. ಚೀಲ ಕೇಳಲು ಬಂದವನು ಚೀಲ ಮರೆತಿದ್ದ.

"ಭಾರಿ ಚಂದ ಉಂಟು ರೈಟ್ರೆ. ಇನ್ನು ಬೋರ್ಡೇ ಮಾತಾಡುದು."

"ಹೌದಲ್ಲ?"

"ಅದು ಮಾತಾಡಿದರೆ ನೀವು ಎಂತ ಮಾಡುದು?"

ನಾನು ನಕ್ಕೆ. ಆಗ ನನ್ನ ಚಿಂತೆಯೆಲ್ಲ ಹಸುವಿನ ನಾಲಗೆಯ ಮೇಲಿತ್ತು.

ಮಳೆ ಬಂತು, ಬಣ್ಣ ಕರಗಲಿಲ್ಲ. ಮೊಳೆ ಅಲ್ಲಾಡಲಿಲ್ಲ. ಹಸು ಬಂತು, ಮೂಸಿತು, ಹೋಯಿತು. ಬಸ್ಸುಗಳು ತಮ್ಮ ಪಾಡಿಗೆ ಓಡಾಡಿದವು. ಇನ್‌ಸ್ಪೆಕ್ಟರು ಬಂದು ಹಲಗೆ ನೋಡಿ, "ಈಗ ಯಾರೂ ಬಂದು ತಲೆ ತಿನ್ನುವುದಿಲ್ಲವಲ್ಲ?" ಎಂದು ಬೆನ್ನು ತಟ್ಟಿದರು. ಇಲ್ಲ ಎಂದೆ. ನಿಜವನ್ನೇ ಹೇಳಿದ್ದೆ. ಚೆನ್ನಪ್ಪ ಗೌಡರು ಈಗ ರಸ್ತೆಯಲ್ಲೇ ನಿಲ್ಲುತ್ತಿದ್ದರು. ಅಲ್ಲಿಂದಲೇ ನಾಲ್ಕೂ ತಗಡು ಓದಿ, ನನ್ನತ್ತ ಕೊಡೆ ಎತ್ತಿ, "ಎಲ್ಲ ಗೊತ್ತಾಯಿತು ರೈಟ್ರೆ" ಎಂದು ನಡೆದುಬಿಡುತ್ತಿದ್ದರು. ಅವರ ಮಂಡಿ ಹೇಗಿದೆಯೆಂದು ತಿಳಿಯಲು ನಡಿಗೆ ನೋಡಿ ಊಹಿಸಬೇಕಾಯಿತು. ಅಳಿಯನ ವಿಷಯ ಊಹಿಸಲು ಅದೂ ಇಲ್ಲ. ಒಳಗೆ ಕೂತು ನಾನು ಪೈಪಿನ ಸುರುಳಿಯನ್ನು ಬಿಚ್ಚಿ ಅಳೆದು, ಮತ್ತೆ ಸುತ್ತಿ, ಮತ್ತೆ ಅಳೆಯುತ್ತಿದ್ದೆ. ಪ್ರತಿ ಸಲವೂ ಅಷ್ಟೇ ಇರುತ್ತಿತ್ತು. ಹಿಂದಿನ ಕೋಣೆಯಲ್ಲಿ ಒಬ್ಬನೇ ಊಟ ಮಾಡಿ ಅಭ್ಯಾಸವಿತ್ತು; ಹಗಲು ಹೊತ್ತಿನಲ್ಲೂ ಒಬ್ಬನೇ ಎಂಬುದು ಹೊಸತು.

ಒಂದು ಬೆಳಿಗ್ಗೆ, ಯಾರೂ ನೋಡದಿರುವಾಗ, ಎರಡು ತಗಡುಗಳನ್ನು ಅದಲುಬದಲು ಮಾಡಿದೆ. ಅಂಕಿಗಳು ಇದ್ದಲ್ಲೇ ಇದ್ದವು. ಲಾರಿಯ ದುಂಡು ಅಂಗಿಯನ್ನು ಪಂಪಿನ ಅಂಕಿಗೆ ತೊಡಿಸಿದ್ದರಿಂದ ಹಲಗೆ ಈಗ "ಲಾರಿ ಬೆಳಿಗ್ಗೆ ೩ ಗಂಟೆಗೆ" ಎನ್ನುತ್ತಿತ್ತು. ಬೆಳಗಿನ ಮೂರಕ್ಕೆ ಯಾವ ಲಾರಿ? ಕೇಳದೆ ಹೋಗಲು ಯಾರಿಂದಲೂ ಸಾಧ್ಯವಿಲ್ಲ. ಒಳಗೆ ಬಂದು ಸ್ಟವ್ ಹೊತ್ತಿಸಿದೆ. ಲೋಟ ಎರಡನ್ನೂ ತೊಳೆದಿಟ್ಟೆ.

ಗೌಡರು ಬಂದರು. ರಸ್ತೆಯಲ್ಲಿ ನಿಂತರು. ಓದಿದರು. ಹುಬ್ಬು ಗಂಟಿಕ್ಕಿತು. ಮೆಟ್ಟಿಲು ಹತ್ತಿದರು, ಎರಡನೆಯ ಮೆಟ್ಟಿಲಿನಲ್ಲಿ ಮಂಡಿ ಹಿಡಿದುಕೊಂಡದ್ದು ಡಿಪೋದ ಕಿಟಕಿಯಿಂದ ಕಂಡಿತು. ಚಹಾ ಉಕ್ಕುತ್ತಿತ್ತು, ಇಳಿಸಿದೆ. ಹೊರಗೆ ತಗಡಿನ ಸದ್ದಾಯಿತು. ಗೌಡರು ಕೊಡೆಯ ತುದಿಯಿಂದ ಎರಡನ್ನೂ ಎತ್ತಿ ತೆಗೆದು, ಒಂದರ ಜಾಗಕ್ಕೆ ಇನ್ನೊಂದನ್ನು ನೇತುಹಾಕಿ, ಒಂದು ಹೆಜ್ಜೆ ಹಿಂದೆ ಸರಿದು ನೋಡಿ, ಕೂಗಿ ಹೇಳಿದರು:

"ತಗಡು ಆಚೆ ಈಚೆ ಆಗಿತ್ತು ರೈಟ್ರೆ. ಗಾಳಿಗೆ ಇರಬೇಕು. ನಿಮಗೆ ಯಾಕೆ ಉಪದ್ರ ಅಂತ ನಾನೇ ಸರಿ ಮಾಡಿದೆ. ನೀವು ಕೂತುಕೊಳ್ಳಿ."

ಅಂಗಿ ಅಷ್ಟು ಚೆನ್ನಾಗಿ ಹೊಲಿದಿದ್ದೆ. ತಪ್ಪು ತೊಡಿಸಿದರೆ ನೋಡಿದವರಿಗೇ ಗೊತ್ತಾಗುವಷ್ಟು. ನಾನು ಬಾಗಿಲಿಗೆ ಬರುವಷ್ಟರಲ್ಲಿ ಗೌಡರು ರಸ್ತೆ ದಾಟಿದ್ದರು. ಹಲಗೆಯ ಮೇಲೆ ನಾಲ್ಕೂ ಅಂಕಿ ತಮ್ಮ ತಮ್ಮ ಅಂಗಿಯಲ್ಲಿ ಅಚ್ಚುಕಟ್ಟಾಗಿ ನಿಂತಿದ್ದವು. ಅಂದು ಡಿಪೋದಲ್ಲಿ ತಪ್ಪಾದದ್ದು ಒಂದೇ. ಚಹಾ ಒಂದು ಲೋಟ ಹೆಚ್ಚಾಗಿತ್ತು. ಅದನ್ನೂ ನಾನೇ ಕುಡಿದೆ.