ತಪ್ಪಿ ಹೋದ ಕರೆ, ತಪ್ಪದೆ ಬಂದವರು

ಒಬ್ಬರನ್ನು ಕರೆಯುವುದು ಸುಲಭ, ಬಂದವರ ಎದುರು ನಿಲ್ಲುವುದು ಕಷ್ಟ. ನಮ್ಮ ದೂರದ ಸಂಬಂಧಿಯೊಬ್ಬರಿಗೆ ಬಸ್ಸಿನಲ್ಲಿ ಸಿಕ್ಕವರನ್ನೆಲ್ಲ ಊಟಕ್ಕೆ ಕರೆಯುವ ಚಟವಿತ್ತು. ಒಂದು ಭಾನುವಾರ ಹಾಗೆ ಕರೆಸಿಕೊಂಡವರು ನಿಜಕ್ಕೂ ಕುಟುಂಬ ಸಮೇತ ಬಂದುಬಿಟ್ಟರು. ನಮ್ಮವರು ಹಿತ್ತಲ ಬಾಗಿಲಿನಿಂದ ಹೊರಬಿದ್ದು ಮೀನು ಪೇಟೆಗೆ ಓಡಬೇಕಾಯಿತು. ಇದನ್ನು ಹೇಳಿ ಹೇಳಿ ನಾನು ಬಹಳ ವರ್ಷ ನಕ್ಕಿದ್ದೇನೆ. ಈಗ ನಗುವುದಿಲ್ಲ.

ಕಾರವಾರದಲ್ಲಿ ನನ್ನದೊಂದು ಸಣ್ಣ ಕಚೇರಿ ಇದೆ. ಅಂಗಡಿಗಳಿಗೆ ಬಿಲ್ಲಿನ ಸಾಫ್ಟ್‌ವೇರ್ ಬರೆದುಕೊಡುವುದು ಹೊಟ್ಟೆಪಾಡು. ನನ್ನ ಹೆಂಡತಿ ಸುಜಾತಾಳ ತಂಗಿಯ ಹೆರಿಗೆಯಲ್ಲಿ ರಕ್ತ ಬೇಕಾದಾಗ ನಾವೆಲ್ಲ ಆಸ್ಪತ್ರೆಯ ವರಾಂಡದಲ್ಲಿ ನಿಂತು ನೆನಪಾದವರಿಗೆಲ್ಲ ಫೋನು ಮಾಡಿದ್ದೆವು. ಅರ್ಧ ಜನ ಎತ್ತಲಿಲ್ಲ, ಎತ್ತಿದವರಿಗೆ ತಮ್ಮ ಗುಂಪು ಯಾವುದೆಂದು ಗೊತ್ತಿರಲಿಲ್ಲ. ಹೇಗೋ ತಾಯಿ ಮಗು ಬದುಕಿದರು. ಆದರೆ ಆ ದಿನದ ಹೆದರಿಕೆ ನನ್ನೊಳಗೆ ಕೂತುಬಿಟ್ಟಿತು. ಅದರ ಫಲವಾಗಿ ರಕ್ತ ಕೊಡುವವರಿಗಾಗಿ ಒಂದು ಆ್ಯಪ್ ಮಾಡಿದೆ. ಒಂದೇ ಸಲ ಬರೆದರೆ ಆಂಡ್ರಾಯ್ಡ್ ಫೋನಿಗೂ ಸೈ, ಐಫೋನಿಗೂ ಸೈ ಎನ್ನುವ ವಿಧಾನ ಅದು. ಒಂದೇ ಹಿಟ್ಟಿನಲ್ಲಿ ಇಡ್ಲಿಯನ್ನೂ ದೋಸೆಯನ್ನೂ ಮಾಡಿದ ಹಾಗೆ. ಕಾರವಾರ, ಅಂಕೋಲೆಯ ಕಡೆಯ ಜನ ಉತ್ಸಾಹದಿಂದ ಸೇರಿದರು, ಸೇರಿ ಸುಮ್ಮನಾದರು. ಯಾರಿಗಾದರೂ ರಕ್ತ ಬೇಕೇ ಎಂದು ಅವರೇ ಆ್ಯಪ್ ತೆರೆದು ನೋಡಬೇಕಿತ್ತು. ಬೆಳಗೆದ್ದು ಹಾಗೆ ನೋಡುವಷ್ಟು ಪುಣ್ಯವಂತರು ಲೋಕದಲ್ಲಿ ಇದ್ದಾರೆಯೇ? "ಅದು ನಮ್ಮನ್ನ ಕರೀಬೇಕು. ನಾವು ಹೋಗಿ ಅದರ ಬಾಗಿಲು ಬಡೀತಾ ಕೂರೂದಲ್ಲ" ಎಂದಳು ಸುಜಾತಾ. ಹೀಗೆ ನೋಟಿಫಿಕೇಶನ್ ಹಾಕುವ ಕೆಲಸ ನನ್ನ ತಲೆಗೆ ಬಂತು. ಆ್ಯಪ್ ಮುಚ್ಚಿದ್ದರೂ ಫೋನು ತಾನಾಗಿ ಟಿಣ್ ಎಂದು ಎರಡು ಸಾಲು ತೋರಿಸಬೇಕು, ಅಷ್ಟೆ.

ಅಷ್ಟೆ ಎಂದುಕೊಂಡದ್ದು ನಾನು. ಹಿಟ್ಟು ಒಂದೇ ಆದರೂ ಇಡ್ಲಿ ಪಾತ್ರೆ ಬೇರೆ, ದೋಸೆ ಕಾವಲಿ ಬೇರೆ ಎಂಬುದು ಆಮೇಲೆ ತಿಳಿಯಿತು. ಕೆಲವು ಆಂಡ್ರಾಯ್ಡ್ ಫೋನುಗಳು ಬ್ಯಾಟರಿ ಉಳಿಸುವ ಜಿಪುಣತನದಲ್ಲಿ ನನ್ನ ಆ್ಯಪನ್ನು ಮಲಗಿಸಿಬಿಡುತ್ತಿದ್ದವು. ಬೆಳಗ್ಗೆ ಕಳಿಸಿದ ಸಂದೇಶ ಯಜಮಾನ ಫೋನು ಮುಟ್ಟಿದ ಮೇಲೆ ಸಂಜೆ ಬರುತ್ತಿತ್ತು. ಅವುಗಳನ್ನು ಹೇಗೋ ಒಲಿಸಿಕೊಂಡೆ. ಐಫೋನು ಮಾತ್ರ ಒಲಿಯಲಿಲ್ಲ. ನಮ್ಮ ಬಳಗದಲ್ಲಿ ಐಫೋನು ಇದ್ದದ್ದು ಸುಜಾತಾಳ ಅಣ್ಣ ಗಿರೀಶ ಭಾವನ ಹತ್ತಿರ. ಅವರಿರುವುದು ಕಾರವಾರದಿಂದ ಒಂದು ಗಂಟೆ ದಾರಿಯ ಮಲ್ಲಾಪುರದ ಕ್ವಾರ್ಟರ್ಸಿನಲ್ಲಿ. ನಾನು ಕಾರವಾರದಲ್ಲಿ ಕೂತು ಸಂದೇಶ ಕಳಿಸುವುದು, ಆಮೇಲೆ ಫೋನು ಮಾಡಿ "ಬಂತಾ ಭಾವ?" ಎನ್ನುವುದು, ಅವರು "ಇಲ್ಲ" ಎನ್ನುವುದು. ಒಂದು ವಾರ ಇದೇ ಆಯಿತು. ಸಂದೇಶ ಬಂತೇ ಎಂದು ಕೇಳಲು ಫೋನು ಮಾಡುವುದಾದರೆ ಸಂದೇಶವನ್ನೇ ಫೋನಿನಲ್ಲಿ ಹೇಳಬಾರದೇಕೆ ಎಂದು ಅತ್ತಿಗೆ ಕೇಳಿದರಂತೆ.

ಕೊನೆಗೆ ಅನುಮಾನ ಬಂದು ಕೇಳಿದೆ. "ಭಾವ, ಮೊದಲನೇ ಸಲ ಆ್ಯಪ್ ತೆರೆದಾಗ ಅದು ನಿಮ್ಮನ್ನ ಏನಾದ್ರೂ ಕೇಳ್ತಾ?"

"ಹೌದು ಮಾರಾಯ, ಎಂತದೋ ಕೇಳ್ತು. ನಾ ಬೇಡ ಅಂದೆ."

"ಯಾಕೆ ಬೇಡ ಅಂದ್ರಿ?"

"ಫೋನು ಕೇಳಿದ್ದಕ್ಕೆಲ್ಲ ಹೌದು ಅನ್ಲಿಕ್ಕಾಗ್ತದಾ?"

ನೋಟಿಫಿಕೇಶನ್ ಕಳಿಸಲೇ ಎಂದು ಐಫೋನು ಒಂದೇ ಸಲ ಅನುಮತಿ ಕೇಳುತ್ತದೆ. ಒಮ್ಮೆ ಬೇಡ ಎಂದರೆ ನನ್ನ ಆ್ಯಪ್ ಮತ್ತೆ ಬಾಯಿ ತೆರೆಯುವಂತಿಲ್ಲ. ಯಜಮಾನನೇ ಸೆಟ್ಟಿಂಗ್ಸಿಗೆ ಹೋಗಿ ಮನಸ್ಸು ಬದಲಿಸಬೇಕು. ಇಷ್ಟು ಮರ್ಯಾದೆ ಮನುಷ್ಯರಲ್ಲೂ ಅಪರೂಪ. ಭಾವನಿಗೆ ಫೋನಿನಲ್ಲೇ ದಾರಿ ಹೇಳಿ ಅನುಮತಿ ಕೊಡಿಸಿದೆ. ಬಳಿಕ ಮತ್ತೊಮ್ಮೆ ಪರೀಕ್ಷೆಗೆ ಕೂತೆ. ಉದ್ದದ ಕನ್ನಡ ಸಾಲು ಪರದೆಯ ಮೇಲೆ ಎಲ್ಲಿ ತುಂಡಾಗುತ್ತದೆ ಎಂದೂ ನೋಡಬೇಕಿತ್ತು. ಹಾಗಾಗಿ ನಿಜದ ಹಾಗೆಯೇ ಬರೆದೆ: "ತುರ್ತು. ಕಾರವಾರದ ಆಸ್ಪತ್ರೆಯಲ್ಲಿ ಹೆರಿಗೆಗೆ ದಾಖಲಾದ ತಾಯಿಗೆ ಓ ನೆಗೆಟಿವ್ ರಕ್ತ ಬೇಕಾಗಿದೆ. ಹತ್ತಿರದಲ್ಲಿರುವವರು ದಯವಿಟ್ಟು ಬನ್ನಿ." ಯಾರಿಗೆ ಕಳಿಸಬೇಕು ಎನ್ನುವಲ್ಲಿ 'ಪರೀಕ್ಷೆ' ಎಂಬ ಗುಂಪನ್ನು ಆರಿಸಬೇಕಿತ್ತು; ಅದರಲ್ಲಿ ನಾನು, ಸುಜಾತಾ, ಭಾವ ಮಾತ್ರ. ನನ್ನ ಬೆರಳು ಆರಿಸಿದ್ದು 'ಓ ನೆಗೆಟಿವ್' ಗುಂಪನ್ನು. ನನ್ನ ಫೋನು ಸುಮ್ಮನಿತ್ತು. ಭಾವನಿಗೆ ಫೋನು ಮಾಡಿದೆ, ಎತ್ತಲಿಲ್ಲ. ಇನ್ನೂ ಸರಿಯಾಗಿಲ್ಲವೆಂದು ಅದನ್ನೇ ಮತ್ತೊಮ್ಮೆ ಕಳಿಸಿದೆ.

ಸ್ವಲ್ಪ ಹೊತ್ತಿಗೆ ಆಸ್ಪತ್ರೆಯ ರಕ್ತನಿಧಿಯಿಂದ ಸಿಸ್ಟರ್ ಫೋನು ಮಾಡಿದರು. "ಸರ್, ರಕ್ತ ಕೊಡ್ಲಿಕ್ಕೆ ಬರ್ತೇವೆ ಅಂತ ಇಬ್ಬರು ಫೋನ್ ಮಾಡಿದ್ರು. ಯಾವ ಪೇಶಂಟು? ನಮ್ಮಲ್ಲಿ ಹಾಗೆ ಯಾರೂ ಇಲ್ಲಲ್ಲ." ಸಂದೇಶ ಯಾರಿಗೆ ಹೋಗಿದೆ ಎಂದು ಆಗ ತೆರೆದು ನೋಡಿದೆ. ಕೂಡಲೇ "ಹಿಂದಿನ ಸಂದೇಶ ತಪ್ಪಾಗಿ ಬಂದದ್ದು, ಯಾರೂ ಬರಬೇಕಾಗಿಲ್ಲ, ಕ್ಷಮಿಸಿ" ಎಂದು ಕಳಿಸಿದೆ. ಆದರೆ ಒಂದು ಸಂದೇಶ ನೋಡಿ ಬಸ್ಸು ಹತ್ತಿದವರು ಇನ್ನೊಂದಕ್ಕಾಗಿ ಚೀಲದಿಂದ ಫೋನು ತೆಗೆಯುತ್ತಾರೆಯೇ? ಆಟೋ ಹಿಡಿದು ಆಸ್ಪತ್ರೆಗೆ ಹೋಗಿ ಗೇಟಿನಲ್ಲಿ ನಿಂತೆ. ನಾಳೆ ಯಾವುದೋ ತಾಯಿಗೆ ನಿಜಕ್ಕೂ ರಕ್ತ ಬೇಕಾದಾಗ, 'ಓ, ಇದು ಅವನ ಸುಳ್ಳು ಗಂಟೆ' ಎಂದು ಒಬ್ಬರು ಮಗ್ಗುಲು ಬದಲಿಸಿದರೂ ಅದರ ಪಾಪ ಯಾರ ಲೆಕ್ಕಕ್ಕೆ? ಅಲ್ಲಿ ನಿಂತಷ್ಟು ಹೊತ್ತೂ ಬೇರೆ ಯೋಚನೆ ಬರಲಿಲ್ಲ.

ಮೊದಲು ಬಂದವರು ಬೇಲೆಕೇರಿಯ ಪಾರ್ವತಕ್ಕ. ಅಂಕೋಲೆಯ ಪೇಟೆಯಲ್ಲಿ ಮೀನು ಮಾರುವವರು. ಬುಟ್ಟಿಯನ್ನು ಪಕ್ಕದವಳಿಗೆ ಒಪ್ಪಿಸಿ, ಕೈ ತೊಳೆದು, ಸಿಕ್ಕಿದ ಬಸ್ಸು ಹತ್ತಿ ಬಂದಿದ್ದರು. ಅದೇ ಬಸ್ಸಿನಿಂದ ಇಳಿದವರು ಬೊಮ್ಮಯ್ಯ ಎಂಬ ರೈತರು, ಅಂಕೋಲೆಯ ಹತ್ತಿರದ ಹಳ್ಳಿಯವರು. ಇಬ್ಬರೂ ಪಕ್ಕಪಕ್ಕ ಕೂತು ಬಂದಿದ್ದರೂ ಒಂದೇ ಕೆಲಸಕ್ಕೆ ಹೊರಟವರೆಂದು ಅವರಿಗೆ ಗೊತ್ತಾದದ್ದು ಗೇಟಿನಲ್ಲಿ. ಅವರ ಹಿಂದೆಯೇ ಕಾರಿನಲ್ಲಿ ಗಿರೀಶ ಭಾವ ಬಂದರು. "ಬಂತು ಮಾರಾಯ, ಎರಡೆರಡು ಸಲ ಬಂತು" ಎಂದು ದೂರದಿಂದಲೇ ಫೋನು ಎತ್ತಿ ತೋರಿಸಿದರು. ಅವರದೂ ಓ ನೆಗೆಟಿವ್ ಎಂಬುದನ್ನು ನಾನು ಮರೆತೇಬಿಟ್ಟಿದ್ದೆ. ಸಂದೇಶ ನಿಜವೆಂದೇ ನಂಬಿ ಹೊರಟು ಗಾಡಿ ಓಡಿಸುತ್ತಿದ್ದರಿಂದ ನನ್ನ ಕರೆ ಎತ್ತಿರಲಿಲ್ಲ. ಒಂದು ವಾರ ನಾನು ಹಂಬಲಿಸಿದ ಗೆಲುವು ಕಾರಿನಿಂದ ಇಳಿದು ಎದುರು ನಿಂತಿತ್ತು. ನನಗೆ ಮಾತ್ರ ಭೂಮಿ ಬಾಯ್ಬಿಡಬಾರದೇ ಎನಿಸುತ್ತಿತ್ತು.

ಮೂವರಿಗೂ ನಿಜ ಹೇಳಿದೆ. ಬಾಣಂತಿಯಿಲ್ಲ, ರಕ್ತ ಬೇಡ, ತಪ್ಪು ನನ್ನದು. ಭಾವ ತಲೆ ಕೆರೆದುಕೊಂಡರು. ಬೊಮ್ಮಯ್ಯ ಹೆಗಲ ಮೇಲಿನ ಟವೆಲ್ಲಿನಿಂದ ಮುಖ ಒರೆಸಿಕೊಂಡರು. ಪಾರ್ವತಕ್ಕ ನನ್ನ ಮುಖವನ್ನೇ ನೋಡಿದರು.

"ಹಂಗಾರೆ ಯಾರಿಗೂ ಎಂತ ಆಗ್ಲಿಲ್ಲ?"

"ಇಲ್ಲ ಅಕ್ಕ."

"ಹೆತ್ತವಳು ಯಾರೂ ಒಳಗೆ ಮಲಗಿದ್ದಿಲ್ಲ?"

"ಇಲ್ಲ."

"ಬಚಾವಾಯ್ತು ತಮಾ" ಎಂದರು. "ಬಸ್ಸಲ್ಲಿ ಕೂತಷ್ಟು ಹೊತ್ತೂ ಜೀವ ಹೊಡ್ಕೊಳ್ತಿತ್ತು. ನಾ ಹೋಗೂದ್ರೊಳಗೆ ಆ ಹುಡುಗಿಗೆ ಎಂತಾದ್ರೂ ಆದ್ರೆ ಅಂತ. ಒಳ್ಳೇದಾಯ್ತು, ಸುಳ್ಳೇ ಆಯ್ತು."

ಬೈಗುಳಕ್ಕೆ ನಾನು ಸಿದ್ಧನಾಗಿದ್ದೆ, ಇದಕ್ಕಲ್ಲ. ಕಣ್ಣು ತುಂಬಿದ್ದನ್ನು ಮರೆಮಾಡಲು ಗೇಟಿನ ಬೋರ್ಡನ್ನು ಓದುವವನಂತೆ ತಿರುಗಿದೆ. ಅದರಲ್ಲಿ ವಾಹನ ನಿಲ್ಲಿಸಬಾರದು ಎಂದು ಬರೆದಿತ್ತು. ಭಾವ ಓಡಿಹೋಗಿ ಕಾರು ಸರಿಸಿದರು.

"ಬಂದದ್ದು ಬಂದ್ವಿ, ಕೊಟ್ಟೇ ಹೋಗ್ವ" ಎಂದರು ಬೊಮ್ಮಯ್ಯ. ಸಿಸ್ಟರಿಗೆ ಸಂತೋಷವೇ ಆಯಿತು. ನೆಗೆಟಿವ್ ಗುಂಪಿನ ರಕ್ತ ಯಾವಾಗಲೂ ಕಡಿಮೆಯಂತೆ. ಪರೀಕ್ಷೆ ಮಾಡಿ ಮೂವರನ್ನೂ ಮಲಗಿಸಿದರು. ನಾನು ಅವರಿಗೆಲ್ಲ ಬಿಸ್ಕೀಟು, ಜ್ಯೂಸು ಹಂಚುತ್ತ ಮದುವೆಮನೆಯ ಹಿರಿಯನಂತೆ ಓಡಾಡುತ್ತಿದ್ದೆ. ಪಾರ್ವತಕ್ಕ ಜ್ಯೂಸು ಕುಡಿಯುತ್ತ ಕೇಳಿದರು. "ನಿಂದು ಯಾವ ಗುಂಪು ತಮಾ? ನೀ ಕೊಟ್ಟು ಎಷ್ಟು ದಿವಸಾಯ್ತು?"

ಬಿ ಪಾಸಿಟಿವ್ ಎಂದೆ. ಎರಡನೆಯ ಪ್ರಶ್ನೆ ಕೇಳಿಸದವನಂತೆ ಬಿಸ್ಕೀಟಿನ ಪೊಟ್ಟಣ ಬಿಚ್ಚಿದೆ. "ಅವ ಕೊಡೂದಿಲ್ಲ, ಸೂಜಿ ಅಂದ್ರೆ ಹೆದರಿಕೆ" ಎಂದು ಭಾವ ಮಲಗಿದಲ್ಲಿಂದಲೇ ಸಾರಿದರು. ಯಾರೂ ನಗಲಿಲ್ಲ. ನಕ್ಕಿದ್ದರೆ ತಪ್ಪಿಸಿಕೊಳ್ಳಬಹುದಿತ್ತು. ಪಾರ್ವತಕ್ಕ ಎದ್ದು, ತಾವು ಮಲಗಿದ್ದ ಮಂಚವನ್ನು ಕೈಯಿಂದ ತಟ್ಟಿ, "ಬಾ, ನಾ ಇದ್ದೆ ಇಲ್ಲೇ" ಎಂದರು. ಮಲಗಿದೆ. ಸೂಜಿ ಚುಚ್ಚುವಾಗ ಅವರು ಈಗ ಸಮುದ್ರದಲ್ಲಿ ಬಂಗುಡೆ ಮೀನು ಕಡಿಮೆಯಾಗಿರುವುದರ ಬಗ್ಗೆ ಹೇಳುತ್ತಿದ್ದರು. ಅವರ ಕೈ ನನ್ನ ತಲೆಯ ಮೇಲಿತ್ತು. ಮೀನಿನ ವಾಸನೆ ಇನ್ನೂ ಸ್ವಲ್ಪ ಉಳಿದಿತ್ತು. ನೋವಾಯಿತೋ ಇಲ್ಲವೋ ನೆನಪಿಲ್ಲ.

ರಕ್ತ ಕೊಟ್ಟವರಿಗೆ ಮೂರು ತಿಂಗಳು ಸಂದೇಶ ಹೋಗಬಾರದೆಂದು ಆ್ಯಪಿನಲ್ಲಿ ನಾನೇ ನಿಯಮ ಬರೆದಿದ್ದೇನೆ. ಮುಂದಿನ ತಿಂಗಳು ಬಿ ಪಾಸಿಟಿವ್ ರಕ್ತಕ್ಕಾಗಿ ನಿಜವಾದ ಕರೆಯೇ ಹೊರಟಿತು. ನನ್ನ ಫೋನು ಸುಮ್ಮನಿತ್ತು, ಅದೇ ಗುಂಪಿನ ಸುಜಾತಾಳದು ಟಿಣ್ ಎಂದಿತು. ಅವಳು ನಿಜವೋ ಸುಳ್ಳೋ ಎಂದು ನನ್ನನ್ನು ಕೇಳಲೂ ಇಲ್ಲ. ಚಪ್ಪಲಿ ಮೆಟ್ಟುತ್ತ, "ಕುಕ್ಕರ್ ಇಟ್ಟಿದ್ದೇನೆ, ಮೂರು ಸೀಟಿ ಆದ ಮೇಲೆ ಆರ್ಸಿ" ಎಂದಷ್ಟೇ ಹೇಳಿ ಹೊರಟಳು. ಅವಳು ತಲುಪುವ ಮೊದಲೇ ಅಲ್ಲಿ ನಾಲ್ಕಾರು ಜನ ಸೇರಿದ್ದರಂತೆ. ಹಿಂತಿರುಗಿ ಬಂದು ಅದನ್ನು ಹೇಳುವಾಗ ಅವಳ ಮುಖ ಬೆಳಗುತ್ತಿತ್ತು. ಆ ಕ್ಷಣದಲ್ಲಿ ಅವಳಿಗೆ ಸೀದ ವಾಸನೆ ಬಡಿಯಿತು. ಯಾರ್ಯಾರ ಫೋನಿಗೆ ಸಂದೇಶ ತಲುಪಿತೆಂದು ಕಂಪ್ಯೂಟರಿನಲ್ಲಿ ತನ್ಮಯನಾಗಿ ನೋಡುತ್ತ ಕೂತಿದ್ದ ನನಗೆ ಕುಕ್ಕರಿನ ಒಂದು ಸೀಟಿಯೂ ಕೇಳಿಸಿರಲಿಲ್ಲ.