ಅಮೆರಿಕಕ್ಕೆ ಹೋಗಿ ಬಂದ ಮನೆ

ಯುರೋಪಿನ ಕಾನೂನು ತನ್ನನ್ನು ರಕ್ಷಿಸುತ್ತಿದೆ ಎಂದು ಕರ್ಟಿಸನಿಗೆ ಗೊತ್ತಿತ್ತು. ಹೆತ್ತ ತಾಯಿಯಿಂದಲೂ ರಕ್ಷಿಸುತ್ತದೆ ಎಂದು ಮಾತ್ರ ಅವನು ಎಣಿಸಿರಲಿಲ್ಲ.

ತಾಯಿ ಲೊರೇನ್ ಇರುವುದು ಅಮೆರಿಕದ ನೆಬ್ರಾಸ್ಕದಲ್ಲಿ, ಮೆಕ್ಕೆಜೋಳದ ಹೊಲಗಳ ನಡುವಿನ ಒಂದು ಪುಟ್ಟ ಊರಿನಲ್ಲಿ. ಆ ಊರಿಗೊಂದು ವಾರಪತ್ರಿಕೆ, ಪತ್ರಿಕೆಗೊಂದು ಅಡುಗೆ ಅಂಕಣ, ಅಂಕಣಕ್ಕೆ ಲೊರೇನ್. ಮಗ ಡೆನ್ಮಾರ್ಕಿನ ಮೆರೆಟೆಯನ್ನು ಮದುವೆಯಾಗಿ ಸಿಲ್ಕೆಬೋರಿನಲ್ಲಿ ಇಂಗ್ಲಿಷ್ ಮೇಷ್ಟರಾಗಿ ನೆಲೆಸಿದ ಮೇಲೂ ಗುರುವಾರ ಬಂತೆಂದರೆ ಪತ್ರಿಕೆಯ ಜಾಲತಾಣ ತೆರೆದು ಅಮ್ಮನ ಅಂಕಣ ಓದುತ್ತಿದ್ದ. ಭಾನುವಾರ ಅಮ್ಮನ ಫೋನು ಬಂದಾಗ ಹೊಗಳುತ್ತಿದ್ದ. ಇಬ್ಬರಿಗೂ ಹಿತವಾಗಿತ್ತು.

ಆಮೇಲೆ ಕಾನೂನು ಬಂತು. ಓದುಗರ ಖಾಸಗಿ ವಿವರಗಳನ್ನು ಬಾಚಿಕೊಳ್ಳಬಾರದೆಂದು ಯುರೋಪು ಜಗತ್ತಿನ ದೈತ್ಯ ಕಂಪನಿಗಳ ಮೇಲೆ ಗುಡುಗಿತು. ದೈತ್ಯರು ಕದಲಲಿಲ್ಲ, ಹೆದರಿ ಮಂಚದ ಕೆಳಗೆ ಸೇರಿಕೊಂಡವನು ನೆಬ್ರಾಸ್ಕದ ವಾರಪತ್ರಿಕೆಯ ಸಂಪಾದಕ. ಇಡೀ ಯುರೋಪು ಖಂಡದಲ್ಲಿ ಅವನಿಗಿದ್ದ ಓದುಗ ಕರ್ಟಿಸ್ ಒಬ್ಬನೇ. ಅವನೊಬ್ಬನಿಗಾಗಿ ವಕೀಲರನ್ನಿಟ್ಟುಕೊಳ್ಳುವುದಕ್ಕಿಂತ ಖಂಡಕ್ಕೇ ಬಾಗಿಲು ಹಾಕುವುದು ಅಗ್ಗವೆನಿಸಿತು. ಮುಂದಿನ ಗುರುವಾರ ಕರ್ಟಿಸ್ ತಾಣ ತೆರೆದರೆ, ‘ಕಾನೂನಿನ ಕಾರಣಗಳಿಂದ ಯುರೋಪಿನ ಮಾನ್ಯ ಓದುಗರಿಗೆ ಈ ತಾಣ ಲಭ್ಯವಿಲ್ಲ’ ಎಂಬ ಬರಹ. (ಮಾನ್ಯ ಎಂದು ಕರೆದು ಕುತ್ತಿಗೆ ಹಿಡಿದು ನೂಕುವ ಕಲೆ ಸಂಪಾದಕರಿಗೆ ಚೆನ್ನಾಗಿ ಒಲಿದಿರುತ್ತದೆ.)

ಆ ಭಾನುವಾರವೇ ಅಮ್ಮನಿಗೆ ನಿಜ ಹೇಳಬಹುದಿತ್ತು. ಆದರೆ ಆಕೆ ಎಂದಿನ ಆಸೆಯ ದನಿಯಲ್ಲಿ, “ಹೇಗಿತ್ತು ಮಗಾ ಈ ವಾರದ್ದು?” ಎಂದು ಕೇಳಿದಾಗ ಕರ್ಟಿಸನ ನಾಲಿಗೆ ತಾನೇ ಹಳೆಯ ಜಾಡು ಹಿಡಿದು, “ಬಾಳ ಚೆನ್ನಾಗಿತ್ತಮ್ಮಾ” ಎಂದುಬಿಟ್ಟಿತು. ಮುಂದಿನ ವಾರ ಅದಕ್ಕೊಂದು ಒಗ್ಗರಣೆ ಬೇಕಾಯಿತು. ಅದರ ಮುಂದಿನ ವಾರ ಹಪ್ಪಳ ಸಂಡಿಗೆ. ವಸಂತ ಹೋಯಿತು, ಬೇಸಿಗೆ ಹೋಯಿತು. ಓದದ ಅಂಕಣಗಳನ್ನು ಹೊಗಳುವುದರಲ್ಲಿ ಕರ್ಟಿಸ್ ಪ್ರಾವೀಣ್ಯ ಪಡೆದ.

“ನಿಜ ಹೇಳ್ಬಿಡು ಮಾರಾಯಾ, ನಿಮ್ಮಮ್ಮ ಏನು ನುಂಗ್ತಾರಾ?” ಎಂದು ಮೆರೆಟೆ ಎಷ್ಟೋ ಸಲ ಹೇಳಿದ್ದಳು.

“ಈಗ ಹೇಳಿದ್ರೆ, ಇಷ್ಟು ದಿನ ಏನನ್ನ ಹೊಗಳಿದೆ ಅಂತ ಕೇಳ್ತಾಳಲ್ಲ?”

“ಕೇಳ್ಲೇಬೇಕಲ್ವಾ ಮತ್ತೆ.”

ಹೀಗಿರಲು ಡಿಸೆಂಬರಿನ ಒಂದು ಭಾನುವಾರ ಅಮ್ಮ ಫೋನಿಡುವ ಮುಂಚೆ, “ಈ ಗುರುವಾರದ್ದನ್ನ ತಪ್ಪದೇ ಓದು ಮಗಾ. ಅಡುಗೆ ಅಲ್ಲ, ನಿನ್ನ ಬಗ್ಗೆಯೇ ಬರ್ದಿದೀನಿ. ಹೇಗಿದೆ ಅಂತ ಮುಂದಿನ ವಾರ ಹೇಳ್ಬೇಕು” ಎಂದಳು.

ಗುರುವಾರ ಸಂಜೆ ಚಿಕ್ಕಮ್ಮನ ಮಗಳು ಜೋಲೀನಳಿಂದ ಸಂದೇಶ ಬಂತು: ‘ಅಣ್ಣಾ, ಊರೆಲ್ಲ ನಿಂದೇ ಮಾತು. ಚರ್ಚಿನ ಪಾದ್ರಿಗಳೂ ಓದಿ ನಕ್ಕರಂತೆ.’

ಅಲ್ಲಿಂದ ಕರ್ಟಿಸನ ನೆಮ್ಮದಿ ಹಾಳಾಯಿತು. ಪಾದ್ರಿಗಳು ನಗುವಂಥದ್ದು ಏನಿರಬಹುದು? ಎಂಟನೇ ತರಗತಿಯ ನಾಟಕದಲ್ಲಿ ಷರಾಯಿ ಜಾರಿದ್ದೇ? ಪಕ್ಕದ ಮನೆಯ ಟರ್ಕಿ ಕೋಳಿಗೆ ಹೆದರಿ ಕಾರಿನ ಮೇಲೆ ಹತ್ತಿ ಕೂತು ಅತ್ತಿದ್ದೇ? ಜೋಲೀನಳನ್ನೇ ಕೇಳೋಣವೆಂದರೆ ಅವಳು ಆ ಊರಿನ ಆಕಾಶವಾಣಿ. ಕೇಳಿದ್ದು ಅಮ್ಮನ ಕಿವಿಗೆ ತಲುಪಲು ಕಾಫಿ ಆರುವಷ್ಟು ಹೊತ್ತೂ ಬೇಡ. ಶುಕ್ರವಾರ ತರಗತಿಯಲ್ಲಿ ಮಕ್ಕಳ ಪ್ರಬಂಧ ತಿದ್ದುತ್ತಾ ಎಲ್ಲರದ್ದರ ಕೆಳಗೂ ‘ಮುಂದೇನಾಯಿತು?’ ಎಂದು ಬರೆದ.

ಉಪಾಧ್ಯಾಯರ ಕೋಣೆಯಲ್ಲಿ ರಸಾಯನಶಾಸ್ತ್ರದ ಬೆಹ್ರೂಜ್ ಅವನ ಮುಖ ನೋಡಿ ವಿಷಯ ಕೇಳಿದ. ಬೆಹ್ರೂಜ್ ಇರಾನಿನವನು, ಮುಚ್ಚಿದ ಜಾಲತಾಣಗಳ ವಿಷಯದಲ್ಲಿ ಹುಟ್ಟಿನಿಂದಲೇ ಪದವೀಧರ.

“ಇಷ್ಟಕ್ಕೆ ಕಣ್ಣೀರಾ?” ಎಂದು ಅವನು ನಕ್ಕ. “ವಿಪಿಎನ್ ಹಾಕ್ಕೊ. ನೀನು ಕೂತಿರೋದು ಇಲ್ಲಿ, ಜಗತ್ತಿಗೆ ಕಾಣೋದು ಚಿಕಾಗೋದಲ್ಲಿ. ನಮ್ಮೂರಲ್ಲಿ ನಮ್ಮಜ್ಜಿ ಕೂಡ ಹಾಕ್ಕೊಂಡಿದಾಳೆ, ಹೆಣಿಗೆ ಪಾಠ ನೋಡೋಕೆ.”

“ಕಷ್ಟ ಏನಿಲ್ವಲ್ಲ?”

“ಫೋನಿಗೆ ಹಾಕು, ಓದು, ತೆಗೆ. ಅಷ್ಟೇ.”

ಅಷ್ಟೇ ಮಾಡಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಕರ್ಟಿಸ್ ಬೆಳೆದ ಸೀಮೆಯಲ್ಲಿ ಒಂದು ಮೊಳೆ ಬೇಕಾದರೂ ಡಬ್ಬಿಗಟ್ಟಲೆ ಕೊಳ್ಳುತ್ತಾರೆ. ಫೋನಿನ ಪುಟ್ಟ ಗಾಜಿನಲ್ಲಿ ತನ್ನ ಮಾನಾವಮಾನದ ವಿಷಯ ಓದುವುದೇ? ದೊಡ್ಡ ಕಂಪ್ಯೂಟರಿನಲ್ಲಿ, ಕೂತು, ಗಂಭೀರವಾಗಿ ಓದಬೇಕು. ಮನೆಯಲ್ಲಿದ್ದ ಕಂಪ್ಯೂಟರು ಶಾಲೆ ಕೊಟ್ಟದ್ದು, ಹೊಸದೇನನ್ನೂ ಹಾಕಲು ಬಿಡದು. ಹಾಗಾಗಿ ಭಾನುವಾರ ಮೆರೆಟೆ ತನ್ನ ತಾಯಿಯನ್ನು ಕರೆತರಲು ಹೋದಾಗ ಅವನು ಮನೆಗೆಲ್ಲ ಇಂಟರ್ನೆಟ್ ಹಂಚುವ ರೂಟರಿಗೇ ವಿಪಿಎನ್ ಹಾಕಿದ. ಗೋಡೆ, ಕಿಟಕಿ, ಫ್ರಿಜ್ಜು, ಬೆಕ್ಕು ಸಮೇತ ಇಡೀ ಮನೆ ಡೆನ್ಮಾರ್ಕನ್ನು ಬಿಟ್ಟು ಅಟ್ಲಾಂಟಿಕ್ ದಾಟಿ ಚಿಕಾಗೋದಲ್ಲಿ ಇಳಿಯಿತು.

ಅವನು ವಿಜಯದ ನಿಟ್ಟುಸಿರು ಬಿಡುವಷ್ಟರಲ್ಲಿ ಅತ್ತೆ ಬೊಡಿಲ್ ಒಳಗೆ ಬಂದರು. (ಆ ದೇಶದಲ್ಲಿ ಅತ್ತೆಯನ್ನು ಹೆಸರು ಹಿಡಿದೇ ಕರೆಯಬೇಕು. ಕರ್ಟಿಸನಿಗೆ ಇಂದಿಗೂ ಕರೆಯುವ ಮುಂಚೆ ಒಂದು ಸಲ ಗಂಟಲು ಸರಿಮಾಡಿಕೊಳ್ಳಬೇಕಾಗುತ್ತದೆ.) ಅವರ ಕೈಯಲ್ಲಿ ಪಡ್ಡಿನಂತೆ ಗುಂಡಗಿರುವ ಎಬ್ಲೆಸ್ಕಿವರ್ ತುಂಬಿದ ಪಾತ್ರೆ, ಕೆನ್ನೆಯ ಮೇಲೆ ಬಳಿದುಕೊಂಡ ಕೆಂಪು ಬಿಳಿ ಬಾವುಟ. ಅಂದು ಹೆಂಗಸರ ಹ್ಯಾಂಡ್‌ಬಾಲ್ ಫೈನಲ್, ಡೆನ್ಮಾರ್ಕಿಗೂ ನಾರ್ವೆಗೂ. ನಾರ್ವೆ ಎಂಬ ಮಾತು ಬೊಡಿಲ್ ಅವರ ಬಾಯಲ್ಲಿ ಹುಳುಕು ಹಲ್ಲಿನ ಸುದ್ದಿಯಂತೆ ಬರುತ್ತಿತ್ತು.

ಹೆಂಗಸರಿಬ್ಬರೂ ಟೀವಿಯ ಮುಂದೆ ಕೂತರು. ಕರ್ಟಿಸ್ ಮೂಲೆಯ ಮೇಜಿನಲ್ಲಿ ತಾಣ ತೆರೆದ. ತೆರೆಯಿತು! ಟ್ರ್ಯಾಕ್ಟರ್ ಟೈರಿನ ಜಾಹೀರಾತು, ಹಂದಿ ಹರಾಜಿನ ಜಾಹೀರಾತು, ಅವುಗಳ ಕೆಳಗೆ ಅಮ್ಮನ ನಗುಮುಖ. ಅವನ ಕಣ್ಣು ಮಂಜಾಯಿತು.

‘ನನ್ನ ಮಗ ಕರ್ಟಿಸ್ ದೂರದ ಡೆನ್ಮಾರ್ಕಿನಲ್ಲಿದ್ದಾನೆ,’ ಎಂದು ಅಂಕಣ ಶುರುವಾಗಿತ್ತು. ‘ಎಷ್ಟೋ ಮಕ್ಕಳು ಊರು ಬಿಟ್ಟ ಮೇಲೆ ಅಮ್ಮನ ಅಡುಗೆ ಮರೆಯುತ್ತಾರೆ. ನನ್ನ ಮಗ ಹಾಗಲ್ಲ. ಒಂದು ಭಾನುವಾರವೂ ತಪ್ಪದೆ ನನ್ನ ಅಂಕಣವನ್ನು ಹೊಗಳುತ್ತಾನೆ. ಅವನಷ್ಟು ನಿಷ್ಠೆಯ ಓದುಗ ಈ ಪತ್ರಿಕೆಗೆ ಇನ್ನೊಬ್ಬನಿಲ್ಲ...’

ಷರಾಯಿ ಇಲ್ಲ, ಟರ್ಕಿ ಕೋಳಿ ಇಲ್ಲ! ಪಾದ್ರಿಗಳು ನಕ್ಕಿದ್ದು ಸಂತೋಷಕ್ಕಿರಬೇಕು. ಎದೆಯುಬ್ಬಿಸಿ ಅವನು ‘ಮುಂದಿನ ಪುಟ’ದ ಮೇಲೆ ಬೆರಳಿಡುವಾಗಲೇ ಹಿಂದಿನಿಂದ ಮೆರೆಟೆಯ ದನಿ ಬಂತು.

“ಕರ್ಟಿಸ್, ಟೀವಿಗೆ ಏನಾಗಿದೆ ನೋಡು ಬಾ.”

ಟೀವಿಯ ಕಪ್ಪು ಪರದೆಯ ಮೇಲೆ ಬಿಳಿಯ ಅಕ್ಷರಗಳು: ‘ಕ್ಷಮಿಸಿ, ಈ ಪಂದ್ಯವನ್ನು ಡೆನ್ಮಾರ್ಕಿನಲ್ಲಿರುವವರು ಮಾತ್ರ ನೋಡಬಹುದು.’

ಬೊಡಿಲ್ ಕನ್ನಡಕ ಹಾಕಿಕೊಂಡು ಓದಿದರು. ತೆಗೆದು ಒರೆಸಿ ಮತ್ತೊಮ್ಮೆ ಓದಿದರು. “ಹಾಗಾದ್ರೆ ನಾನೆಲ್ಲಿದೀನಿ?” ಎಂದರು. ಹುಟ್ಟಿದ್ದು ಸಿಲ್ಕೆಬೋರು, ಮದುವೆಯಾಗಿದ್ದು ಸಿಲ್ಕೆಬೋರು. ರಜೆಗೆ ಹೋದರೂ ಕೊಳದ ಆಚೆ ದಡದಿಂದ ಆ ಊರೇ ಕಾಣುವಂತೆ ಗುಡಾರ ಹಾಕಿದವರು. ಈಗ ಮಗಳ ಸೋಫಾದ ಮೇಲೆ ಕೂತು ಪರದೇಶಿಯಾಗಿದ್ದರು.

“ಏನ್ ಮಾಡ್ದೆ ನೀನು?” ಮೆರೆಟೆ ಕೇಳಿದಳು.

“ನಾನಾ? ಏನಿಲ್ಲಪ್ಪಾ. ಒಂಚೂರು... ಮನೇನ ಚಿಕಾಗೋದಲ್ಲಿ ಇಟ್ಟಿದೀನಿ. ಐದೇ ನಿಮಿಷಕ್ಕೆ.”

“ಯಾರನ್ನ ಕೇಳಿ ಇಟ್ಟೆ?”

“ನಮ್ಮಮ್ಮನ ಅಂಕಣ ಓದೋಕೆ ಕಣೇ. ಒಂದೇ ಪುಟ ಉಳ್ದಿದೆ.”

“ಅದಕ್ಕೇನಾ ಬೆಳಿಗ್ಗೆಯಿಂದ ಬ್ಯಾಂಕಿನೋರು ‘ನಿಮ್ಮ ಖಾತೆಗೆ ಅಮೆರಿಕದಿಂದ ಯಾರೋ ಕೈ ಹಾಕ್ತಿದಾರೆ’ ಅಂತ ಸಂದೇಶ ಕಳಿಸ್ತಿರೋದು!”

“ಬೆಳಿಗ್ಗೆಯಿಂದಲ್ಲ, ಮಧ್ಯಾಹ್ನದಿಂದ,” ಎಂದು ಕರ್ಟಿಸ್ ಪ್ರಾಮಾಣಿಕವಾಗಿ ತಿದ್ದಿದ. ತಿದ್ದಬಾರದಿತ್ತು.

ಪಕ್ಕದ ಮನೆಯಿಂದ ಹೋ ಎಂಬ ಕೂಗು ಗೋಡೆ ತೂರಿ ಬಂತು. ಯಾರೋ ಗೋಲು ಹೊಡೆದಿದ್ದರು.

“ಯಾರು ಹೊಡೆದ್ರು?” ಬೊಡಿಲ್ ಎದ್ದು ನಿಂತರು. “ಮೆರೆಟೆ, ನಾನು ಪಕ್ಕದ ಮನೆಗೆ ಹೋಗ್ತೀನಿ. ಅದು ಇನ್ನೂ ಡೆನ್ಮಾರ್ಕಿನಲ್ಲೇ ಇರ್ಬೇಕು.”

“ಕೂತ್ಕೊ ಅಮ್ಮ. ದೇಶಾನ ನಾನು ವಾಪಸ್ ತರ್ತೀನಿ.”

“ಒಂದ್ನಿಮಿಷ ತಡೀ, ಮೆರೆಟೆ—”

ಮೆರೆಟೆ ತಡೆಯಲಿಲ್ಲ. ತಲೆಯಿಂದ ಹೇರ್‌ಪಿನ್ ಕಿತ್ತು ರೂಟರಿನ ಬೆನ್ನಿನಲ್ಲಿ ಎಲ್ಲವನ್ನೂ ಮೊದಲಿನಂತೆ ಮಾಡುವ ಸಣ್ಣ ತೂತಿಗೆ ಚುಚ್ಚಿ ಹಿಡಿದಳು. ದೀಪಗಳು ಆರಿದವು, ಮಿನುಗಿದವು. ಕರ್ಟಿಸ್ ಓಡಿಹೋಗಿ ‘ಮುಂದಿನ ಪುಟ’ ಒತ್ತಿದ. ಅಮ್ಮನ ನಗುಮುಖ ಮಾಯವಾಗಿ, ಅವನು ಮತ್ತೆ ಯುರೋಪಿನ ಮಾನ್ಯ ಓದುಗನಾದ. ಟೀವಿಯಲ್ಲಿ ಡೆನ್ಮಾರ್ಕಿನ ಹುಡುಗಿಯರು ಪ್ರತ್ಯಕ್ಷರಾದರು, ಎರಡು ಗೋಲು ಹಿಂದಿದ್ದರು. ಆ ಎರಡೂ ಗೋಲುಗಳು ಅಳಿಯನ ಖಾತೆಗೆ ಬಿದ್ದವು ಎಂಬುದು ಬೊಡಿಲ್ ಅವನತ್ತ ನೋಡಿದ ನೋಟದಿಂದಲೇ ತಿಳಿಯಿತು.

ಆದರೂ ಅವನಿಗೆ ಸಮಾಧಾನವಾಗಿತ್ತು. ಅರ್ಧ ಓದಿದ್ದರೇನು? ಅರ್ಧದಲ್ಲೇ ಅಷ್ಟು ಹೊಗಳಿಕೆಯಿದ್ದರೆ ಉಳಿದರ್ಧದಲ್ಲಿ ಇನ್ನೆಷ್ಟಿರಬೇಡ! ಎಷ್ಟೋ ತಿಂಗಳ ಮೇಲೆ ಅಮ್ಮನೆದುರು ಸುಳ್ಳಿಲ್ಲದೆ ಬಾಯಿ ತೆರೆಯುವ ಭಾಗ್ಯ ಬಂದಿತ್ತು.

ಪಂದ್ಯದ ವಿರಾಮದಲ್ಲಿ ಅಮ್ಮನ ಫೋನು ಬಂತು. ಮೆರೆಟೆ ಅದನ್ನು ಕಸಿದು, “ಲೊರೇನ್, ಚೆನ್ನಾಗಿದೀರಾ?” ಎಂದು ವಿಚಾರಿಸಿ, ಎಲ್ಲರಿಗೂ ಕೇಳುವಂತೆ ಸ್ಪೀಕರಿಗೆ ಹಾಕಿ ಮೇಜಿನ ಮೇಲಿಟ್ಟಳು. (ಬೊಡಿಲ್‌ಗೆ ಇಂಗ್ಲಿಷ್ ಬರುವುದಿಲ್ಲ. ಅಂದರೆ ಮಾತಾಡಲು ಬರುವುದಿಲ್ಲ. ಕೇಳಿಸಿಕೊಳ್ಳಲು ಬೇಕಾದಷ್ಟು ಬರುತ್ತದೆ.)

“ಓದಿದ್ಯಾ ಮಗಾ?”

“ಓದಿದೆ ಅಮ್ಮಾ. ನಿಜವಾಗ್ಲೂ ಓದಿದೆ. ಕಣ್ಣಲ್ಲಿ ನೀರು ಬಂತು.”

“ಪೂರ್ತಿ ಓದಿದ್ಯಾ?”

“ಪೂರ್ತಿ ಅಮ್ಮಾ.”

“ಕೊನೇ ಭಾಗ?”

“ಅದಂತೂ ಎಲ್ಲಕ್ಕಿಂತ ಚೆನ್ನಾಗಿತ್ತು. ನನ್ನ ಮೇಲೆ ನಿನಗಿಷ್ಟು ಅಭಿಮಾನ ಇದೆ ಅಂತ ಗೊತ್ತಿರ್ಲಿಲ್ಲ.”

ನೆಬ್ರಾಸ್ಕದಲ್ಲಿ ಕುರ್ಚಿ ಕಿರುಗುಟ್ಟುವ ಸದ್ದು. ಆಮೇಲೆ ನಗು. ಉಸಿರಿಗೆ ತಡಕಾಡುವಂಥ ನಗು. “ತಡಿ, ಕನ್ನಡಕ ಎಲ್ಲಿಟ್ಟೆ... ಹಾಂ. ಕೇಳು, ಆ ಕೊನೇ ಭಾಗಾನ ನಾನೇ ಓದ್ತೀನಿ. ಮೆರೆಟೆ ಇದಾಳಾ?”

“ಇದೀನಿ ಲೊರೇನ್, ಓದಿ ಓದಿ.”

ಲೊರೇನ್ ಗಂಟಲು ಸರಿಮಾಡಿಕೊಂಡು ಓದತೊಡಗಿದಳು: “‘ಪ್ರಿಯ ಓದುಗರೇ, ಕಣ್ಣಿನ ಶಸ್ತ್ರಚಿಕಿತ್ಸೆಗೆಂದು ನಾನು ಅಂಕಣ ನಿಲ್ಲಿಸಿದ್ದು ಇಲ್ಲೇ ಓದಿ ನಿಮಗೆಲ್ಲ ಗೊತ್ತು. ವಸಂತದಿಂದ ಈವರೆಗೆ ಈ ಜಾಗದಲ್ಲಿ ನಮ್ಮ ಗ್ಯಾರೇಜಿನ ಎಲ್ಮರ್ ಟ್ರ್ಯಾಕ್ಟರ್ ರಿಪೇರಿ ಕುರಿತು ಬರೆದಿದ್ದಾರೆ. ನನ್ನ ಮಗ ಒಂದನ್ನೂ ಬಿಡದೆ ಹೊಗಳಿದ್ದಾನೆ. ಕಳೆದ ವಾರ ಎಲ್ಮರ್ ಗೇರ್‌ಬಾಕ್ಸಿನ ಹಳೇ ಎಣ್ಣೆ ತೆಗೆಯುವುದನ್ನು ವಿವರಿಸಿದ್ದರು. ಓದಿ ಬಾಯಲ್ಲಿ ನೀರೂರಿತು, ಭಾನುವಾರವೇ ಮನೆಯಲ್ಲಿ ಮಾಡುತ್ತೇನೆ ಅಂದ ನನ್ನ ಮಗ.’”

ಮೆರೆಟೆ ಸೋಫಾದ ದಿಂಬಿಗೆ ಮುಖ ಒತ್ತಿಕೊಂಡಳು. ಇಂಗ್ಲಿಷ್ ಬಾರದ ಬೊಡಿಲ್ ಪಂದ್ಯ ಮತ್ತೆ ಶುರುವಾಗಿದ್ದನ್ನೂ ಗಮನಿಸದೆ ಕೆನ್ನೆಯ ಬಾವುಟ ಕರಗಿಹೋಗುವಷ್ಟು ಕಣ್ಣೀರು ಸುರಿಸಿ ನಗುತ್ತಿದ್ದರು.

ಕರ್ಟಿಸ್ ಫೋನಿನತ್ತ ಬಾಗಿದ. “ತಪ್ಪಾಯ್ತಮ್ಮಾ. ಇಲ್ಲಿ ಪತ್ರಿಕೆ ತೆರೆಯೋದೇ ಇಲ್ಲ. ಹೇಳೋಕೆ ಮನಸ್ಸು ಬರ್ಲಿಲ್ಲ. ಇನ್ಮೇಲೆ ಏನಾದ್ರೂ ಮಾಡಿ ಪ್ರತಿ ವಾರ ಓದಿಯೇ ಹೇಳ್ತೀನಿ. ಆಣೆಗೂ.”

“ಅಯ್ಯೋ, ಅದೆಲ್ಲ ಬೇಡ ಕಂದಾ,” ಎಂದಳು ಲೊರೇನ್, ಗಾಬರಿಯಿಂದ. “ನೀನು ಈಗಿನ ಹಾಗೆ ಓದದೇ ಹೇಳು. ಇಲ್ಲಿ ಓದಿದೋರು ಯಾರೂ ನನ್ನ ಇಷ್ಟು ಹೊಗಳಿಲ್ಲ.”